ಕೊರತೆಯನ್ನು ಕೀಳೆನ್ನಬೇಡಿ: ಕಲ್ಯಾಣ ಕರ್ನಾಟಕ ಮತ್ತು ನಮ್ಮ ಪೂರ್ವಗ್ರಹಗಳು



ತಂದೆ ತಾಯಿಯರ ನೆನಪಿಗೆ ದತ್ತಿ ಇಟ್ಟು, ನಾಡುನುಡಿಯ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂದು ಬಯಸಿದವರಿಗೆ ಮೊದಲು ನನ್ನ ವಂದನೆ. ವಿಷಯದ ಆಯ್ಕೆಯನ್ನು ಅವರು ನನಗೇ ಬಿಟ್ಟರು. ಬೆಂಗಳೂರಿನ ಈ ಸಭೆಯಲ್ಲಿ ನಿಂತು ಮಾತಾಡುವ ಅವಕಾಶ ಸಿಕ್ಕಿರುವುದರಿಂದ, ಈ ಊರಿನಲ್ಲೇ ನಾನು ಹೆಚ್ಚು ಕೇಳಿರುವ ಕೆಲವು ಮಾತುಗಳಿಗೆ ಉತ್ತರ ಕೊಡುವುದು ನನ್ನ ಕರ್ತವ್ಯ ಎಂದುಕೊಂಡೆ.

ನಾನು ಹುಟ್ಟಿ ಬೆಳೆದದ್ದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಊರು ಯಾವುದೆಂದು ಹೇಳಿದ ಕೂಡಲೆ ಎದುರಿನವರು ಆಡುವ ಮಾತು ಬಹುಮಟ್ಟಿಗೆ ಒಂದೇ ತೆರ. "ಅಬ್ಬಾ, ಏನು ಬಿಸಿಲು!" ಅನ್ನುತ್ತಾರೆ. "ಅಲ್ಲಿ ಕನ್ನಡ ಇದೆಯೇ?" ಎಂದು ಕೇಳುತ್ತಾರೆ. "ಜನ ಸ್ವಲ್ಪ ಒರಟು, ಅಲ್ಲವೇ?" ಎನ್ನುತ್ತಾರೆ. ಸರ್ಕಾರಿ ನೌಕರರಾಗಿದ್ದರೆ, ಆ ಕಡೆಗೆ ವರ್ಗವಾಗಿ ಹೋದ ಸ್ನೇಹಿತರೊಬ್ಬರ ಬಗ್ಗೆ ಮರುಗುತ್ತಾರೆ. ಬಿಸಿಲು, ಕೆಟ್ಟ ಕನ್ನಡ, ಒರಟುತನ, ಹಿಂದುಳಿದ ಜನ: ಈ ನಾಲ್ಕರಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಚಿತ್ರ ಮುಗಿದುಹೋಗುತ್ತದೆ.

ನಮ್ಮಲ್ಲಿ ಕೊರತೆ ಇದೆ. ಅದನ್ನು ಮುಚ್ಚಿಡಲು ನಾನು ಇಲ್ಲಿಗೆ ಬಂದಿಲ್ಲ. ಆದರೆ ಕೊರತೆ ಎನ್ನುವುದು ಶಾಲೆ, ನೀರು, ರಸ್ತೆ, ಆಸ್ಪತ್ರೆ, ಹುದ್ದೆಗಳ ಲೆಕ್ಕ. ಆ ಲೆಕ್ಕವನ್ನು ಜನರ ಸ್ವಭಾವದ ಮೇಲೆ, ಅವರ ಬುದ್ಧಿಯ ಮೇಲೆ, ಅವರ ಮಾತಿನ ಮೇಲೆ ಹೊರಿಸಿದಾಗ ಅದು ಪೂರ್ವಗ್ರಹವಾಗುತ್ತದೆ. ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ.

೧. ನೆಲ

ಮೊದಲು ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ಯಾದಗಿರಿಗಳಲ್ಲಿ ಬಿಸಿಲು ಕಠಿಣವೇ. ಅದಕ್ಕೆಂದೇ ಆ ಎರಡು ತಿಂಗಳು ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಮಧ್ಯಾಹ್ನ ಮೂರಕ್ಕೆ ರೈಲಿಳಿದು ಬರಿದಾದ ಬಜಾರು ಕಂಡವರು "ಸೋಮಾರಿ ಊರು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅದೇ ಊರಿನ ಹೆಂಗಸರು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಬಿಸಿಲೇರುವ ಮೊದಲೇ ಹೊಲದಲ್ಲಿ ಅರ್ಧ ದಿನದ ಕೂಲಿ ಮುಗಿಸಿದ್ದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಈ ಏಳು ಜಿಲ್ಲೆಗಳು ಒಂದೇ ಅಚ್ಚಿನವೂ ಅಲ್ಲ. ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಕೆಂಪು ಮಣ್ಣಿನ ಊರು, ಅಲ್ಲಿಯ ಹವೆ ರಾಯಚೂರಿನದಲ್ಲ. ಕಲಬುರಗಿಯ ಬಹುಭಾಗ ಎರಿ ಭೂಮಿ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು ಭತ್ತದ ಕಣಜಗಳಾದವು. ಬಳ್ಳಾರಿಯ ಚರಿತ್ರೆಯಂತೂ ಬೇರೆಯೇ. ಬೀದರ್, ಕಲಬುರಗಿ, ರಾಯಚೂರುಗಳಂತೆ ಅದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಉಳಿಯಲಿಲ್ಲ, ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು ಶೇ 51.83, ಬೀದರಿನದು ಶೇ 70.51. ಒಂದೇ ಹೆಸರಿನಡಿ ಇರುವ ಎರಡು ಜಿಲ್ಲೆಗಳ ನಡುವೆ ಇಷ್ಟು ದೂರವಿರುವಾಗ "ಆ ಕಡೆಯವರು" ಎಂದು ಒಟ್ಟಾಗಿ ಕರೆಯುವುದರಲ್ಲಿ ಏನು ಅರ್ಥ?

ಮಳೆಯಾಶ್ರಿತ ನೆಲವನ್ನು ಬರದ ನೆಲ ಎಂದು ತಿಳಿಯುವುದೂ ತಪ್ಪೇ. ಹಿಂಗಾರಿ ಜೋಳದ ಬೇಸಾಯ ನೋಡಿ. ಆಷಾಢ ಶ್ರಾವಣದಲ್ಲಿ ನಮ್ಮ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಎಷ್ಟೋ ಎರಿ ಹೊಲಗಳು ಬಿತ್ತನೆಯಿಲ್ಲದೆ ಖಾಲಿ ಬಿದ್ದಂತೆ ಕಾಣುತ್ತವೆ. ಖಾಲಿ ಬಿದ್ದಿರುವುದಿಲ್ಲ. ರೈತ ಮಳೆ ಬಿದ್ದ ಪ್ರತಿ ಸಲವೂ ಹೊಲವನ್ನು ಹರಗಿ, ಕಳೆ ಕಿತ್ತು, ಮಣ್ಣಿಗೆ ನೀರು ಕುಡಿಸುತ್ತಿರುತ್ತಾನೆ. ಮಳೆ ಹಿಂದೆಗೆಯುವ ಹೊತ್ತಿಗೆ ಹದ ನೋಡಿ ಕೂರಿಗೆ ಹೂಡುತ್ತಾನೆ. ಅಲ್ಲಿಂದ ಮುಂದೆ ಒಂದು ಹನಿ ಬೀಳದಿದ್ದರೂ ಒಡಲಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಎರಿಮಣ್ಣು ಬೆಳೆಯನ್ನು ಸಾಕುತ್ತದೆ. ನೆಲ ಒಣಗಿ ಬಿರುಕು ಬಿಡುವಾಗ ಎಡೆ ಹೊಡೆದು ಆ ಬಿರುಕು ಮುಚ್ಚುತ್ತಾರೆ, ತೇವ ಆರಿಹೋಗಬಾರದೆಂದು. ಮನುಷ್ಯರಿಗೆ ಕಾಳು, ದನಕ್ಕೆ ಕಣಕಿ, ಎರಡೂ ಅದೇ ಹೊಲದಿಂದ ಬರುತ್ತವೆ. ಕಾಲುವೆಯಿಲ್ಲದೆ, ಬೋರ್‌ವೆಲ್ ಇಲ್ಲದೆ ಜನ ಇಲ್ಲಿ ಶತಮಾನಗಳಿಂದ ಉಂಡು ಬದುಕಿದ್ದು ಈ ತಿಳಿವಳಿಕೆಯ ಬಲದಿಂದ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ನಿಮ್ಮ ಮನೆಯ ಸಾರಿನಲ್ಲಿ ಬೆಂದ ಬೇಳೆ ನಮ್ಮ ನೆಲದ್ದಾಗಿರಬಹುದು.

ಆ ನೆಲದ ಮೇಲೆ ಜನಕ್ಕಿರುವ ಪ್ರೀತಿಯನ್ನು ನೋಡಬೇಕೆಂದರೆ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಬನ್ನಿ. ಕಲಬುರಗಿ, ಬೀದರ್ ಸೀಮೆಯಲ್ಲಿ ಆವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಪಟ್ಟಣದಲ್ಲಿ ನೌಕರಿ ಮಾಡುವವರೂ ಬಂದು ಸೇರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಮುಖ್ಯವಾದದ್ದು ಭಜ್ಜಿ: ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಮೆಂತ್ಯ ಸೊಪ್ಪು, ಹೊಲ ಆ ತಿಂಗಳಲ್ಲಿ ಏನೇನು ಕೊಟ್ಟಿದೆಯೋ ಅದೆಲ್ಲ ಕೂಡಿ ಬೆಂದ ಅಡುಗೆ. ಮೊದಲು ಬೆಳೆಗೆ ಪೂಜೆ, ಹೊಲದ ತುಂಬ ನಡೆದು ಚರಗ ಚೆಲ್ಲುವುದು, ಭೂತಾಯಿ ಉಂಡ ಮೇಲೆ ಜನರ ಪಂಕ್ತಿ. ದಾರಿಯಲ್ಲಿ ಹೋಗುವ ಅಪರಿಚಿತರನ್ನೂ ಕರೆದು ಕೂರಿಸುತ್ತಾರೆ. ಒರಟರ ಸೀಮೆಯಲ್ಲಿ ನಡೆಯುವ ಹಬ್ಬ ಇದು.

೨. ನುಡಿ

ಎರಡನೆಯ ಮಾತು ಭಾಷೆಯದು. ಕಾಲೇಜು ಓದಲು ದಕ್ಷಿಣದ ನಗರಕ್ಕೆ ಬಂದ ನನ್ನ ತಲೆಮಾರಿನ ಎಷ್ಟೋ ಮಂದಿ ಮೊದಲ ವರ್ಷವನ್ನು ಬಾಯಿ ಮುಚ್ಚಿಕೊಂಡೇ ಕಳೆದರು. ತರಗತಿಯಲ್ಲಿ ನಾನು "ನಾ ಬರ್ಲಾಕತ್ತಿದ್ದೆ ಸರ್, ಬಸ್ ತಪ್ಪಿತು" ಎಂದಾಗ ಇಡೀ ಕೋಣೆ ನಕ್ಕಿತು. ಪಾಠ ಹೇಳುತ್ತಿದ್ದವರೂ ನಕ್ಕರು. ಆ ಹುಡುಗರ ಮೇಲೆ ನನಗೆ ಈಗ ಸಿಟ್ಟಿಲ್ಲ. ಸಿನಿಮಾದಲ್ಲಿ ನಮ್ಮ ಮಾತು ನಗಿಸಲಿಕ್ಕೆ ಅಥವಾ ಹೆದರಿಸಲಿಕ್ಕೆ ಮಾತ್ರ ಬರುವುದನ್ನು ನೋಡಿಕೊಂಡೇ ಅವರು ಬೆಳೆದಿದ್ದರು. ಆದರೆ ಇವತ್ತಿಗೂ ನಮ್ಮ ಹುಡುಗಿಯೊಬ್ಬಳು ಸಂದರ್ಶನಕ್ಕೆ ಹೋಗುವ ಮುಂಚೆ ತನ್ನ ತಾಯಿಯ ಕನ್ನಡವನ್ನು ಅಡಗಿಸಿಡಲು ಕಲಿಯಬೇಕಾಗಿದೆ. ಅದನ್ನು ನಾನು ಒಪ್ಪುವುದಿಲ್ಲ.

ಕನ್ನಡದಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮೇಲಿದೆ. ಆ ಗ್ರಂಥ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿ, ಅದರ ತಿರುಳನ್ನು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಕೊಪ್ಪಳವೂ ಒಂದು. ಆಮೇಲೆ ವಚನಕಾರರ ಕಲ್ಯಾಣ ಬಂತು. ದಾಸ ಸಾಹಿತ್ಯದ ಎರಡನೆಯ ದೊಡ್ಡ ಅಲೆ ಎದ್ದದ್ದು ರಾಯಚೂರು ಸೀಮೆಯಲ್ಲಿ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಆ ಮಣ್ಣಿನವರು.

ಇದಕ್ಕಿಂತ ದೊಡ್ಡ ಸಂಗತಿ, ನನ್ನ ದೃಷ್ಟಿಯಲ್ಲಿ, ಇತ್ತೀಚಿನದು. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತ ಉರ್ದುವಿನಲ್ಲಿತ್ತು, ಸರ್ಕಾರಿ ಶಿಕ್ಷಣವೂ ಬಹುಮಟ್ಟಿಗೆ ಉರ್ದುವಿನಲ್ಲೇ ಇತ್ತು. ಮೈಸೂರಿನಲ್ಲಿ ಅರಮನೆಯೇ ಕನ್ನಡದ ಬೆನ್ನಿಗಿದ್ದ ಕಾಲದಲ್ಲಿ ನಮ್ಮವರು ತಮ್ಮ ಕೈಯಿಂದ ಹಣ ಹಾಕಿ ಶಾಲೆ ಕಟ್ಟಿದರು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. 1920ರ ದಶಕದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಬೆಳೆಸಿದರು. 1928ರಲ್ಲಿ ಬಿ.ಎಂ.ಶ್ರೀಯವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ರಾಜಾಶ್ರಯವಿಲ್ಲದೆ ಕನ್ನಡ ಉಳಿಸಿಕೊಂಡವರ ಮಕ್ಕಳನ್ನು "ಅಲ್ಲಿ ಕನ್ನಡ ಇದೆಯೇ?" ಎಂದು ಕೇಳುವುದು ಅನ್ಯಾಯ.

ನಮ್ಮ ಮಾತಿನಲ್ಲಿ ಉರ್ದು ಬೆರೆತಿರುವುದು ನಿಜ. ತೆಲುಗು, ಮರಾಠಿಯೂ ಬೆರೆತಿವೆ. ಒಂದೇ ಓಣಿಯಲ್ಲಿ ನಾಲ್ಕು ಭಾಷೆ ಕೇಳುತ್ತ ಬೆಳೆದ ಕಿವಿ ಬಡವಾಗುವುದಿಲ್ಲ. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡದ್ದೇ ಆದ ಪ್ರಕಾರವಾಗಿ ನೆಲೆಗೊಳಿಸಿದ್ದು ಈ ಬೆರಕೆಯ ಬಲದಿಂದ. ಕಲಬುರಗಿ ಸೀಮೆಯ ಬಡ ದಲಿತ, ಹಿಂದುಳಿದ ಕೇರಿಗಳ ಹೆಂಗಸರ ಮಾತನ್ನು ಹಾಗೆಹಾಗೆಯೇ ಕಾದಂಬರಿಗೆ ತಂದ ಗೀತಾ ನಾಗಭೂಷಣ ಅವರ 'ಬದುಕು' ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಯಾವ ಮಾತಿಗೆ ತರಗತಿ ನಕ್ಕಿತೋ ಅದೇ ಮಾತಿನಲ್ಲಿ ಬರೆದ ಪುಸ್ತಕ ಅದು.

೩. ಕಸುಬು

ಮೂರನೆಯ ಮಾತು ಕೈಕೆಲಸದ್ದು. ಬೀದರಿನ ಬಿದರಿ ಕೆಲಸವನ್ನು ಕಾಣಿಕೆಯಾಗಿ ಪಡೆದವರು ಈ ಸಭೆಯಲ್ಲಿ ಇದ್ದೀರಿ. ಅದು ಆಗುವ ಬಗೆಯನ್ನು ಕುಳಿತು ನೋಡಿದವರು ಕಡಿಮೆ. ಸತು ಹೆಚ್ಚು, ತಾಮ್ರ ಸ್ವಲ್ಪ ಇರುವ ಮಿಶ್ರಲೋಹವನ್ನು ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರೆಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೆರೆ ಕಾಣಲಿ ಎಂದು. ಚೂಪಾದ ಉಳಿಯಿಂದ ಹೂಬಳ್ಳಿ ಬರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಇಟ್ಟು ಸಣ್ಣ ಸುತ್ತಿಗೆಯಿಂದ ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ ಲೋಹವೂ ಬೆಳ್ಳಿಯೂ ಒಂದೇ ಬಣ್ಣವಾಗಿ ಕಾಣುತ್ತವೆ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬಣ್ಣಗೆಡದೆ ಹೊಳೆಯುತ್ತದೆ. ಯಾವ ಮಣ್ಣು ಆಗಬಹುದೆಂದು ಹಿರಿಯ ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ಎರಕ, ಕೆತ್ತನೆ, ರಸಾಯನ ಮೂರನ್ನೂ ಬಲ್ಲ ಈ ಕೈಗಳು ಬಹುಮಟ್ಟಿಗೆ ಸಣ್ಣ ಓಣಿಯ ಸಣ್ಣ ಕೋಣೆಗಳಲ್ಲಿ ದುಡಿಯುತ್ತವೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ನಾಡು ಹೆಮ್ಮೆಪಟ್ಟಿತು. ಆ ಹೆಮ್ಮೆ ಮಾರುಕಟ್ಟೆಯಾಗಿ, ನ್ಯಾಯವಾದ ಬೆಲೆಯಾಗಿ ಆ ಓಣಿಗಳನ್ನು ತಲುಪಬೇಕು.

ರಾಜ್ಯದ ಏಳಿಗೆಗೆ ನಮ್ಮ ನೆಲ ಕೊಟ್ಟದ್ದನ್ನೂ ಹೇಳಬೇಕು. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಿಮ್ಮ ಮನೆಗಳಿಗೆ ವಿದ್ಯುತ್ ಕಳಿಸುತ್ತಿದೆ. ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಸೇಡಂ, ವಾಡಿಗಳ ಸಿಮೆಂಟು, ಶಹಾಬಾದಿನ ಕಲ್ಲುಹಾಸು ಎಷ್ಟು ಊರುಗಳನ್ನು ಕಟ್ಟಿವೆಯೋ! ಗುಳೆ ಬಂದ ನಮ್ಮ ಜನ ಈ ನಗರದ ಅಪಾರ್ಟ್‌ಮೆಂಟುಗಳನ್ನು ಕಟ್ಟಿ ತಗಡಿನ ಶೆಡ್ಡುಗಳಲ್ಲಿ ಮಲಗುತ್ತಾರೆ. ಬೆಳಕು ಕೊಟ್ಟವರನ್ನೂ ಮನೆ ಕಟ್ಟಿದವರನ್ನೂ ಭಾರವೆಂದು ಎಣಿಸುವುದು ಹೇಗೆ?

೪. ಹಿಂದುಳಿದದ್ದು ಏಕೆ

ಇನ್ನು ಹಿಂದುಳಿದಿರುವಿಕೆಯ ಪ್ರಶ್ನೆ. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಊರುಗಳಿಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ನಡುವಿನ ಹದಿಮೂರು ತಿಂಗಳು ನಿಜಾಮರ ಬೆಂಬಲಿಗರ ಪಡೆಯಾದ ರಜಾಕಾರರ ಹಾವಳಿಯಲ್ಲಿ ಕಳೆದವು. ಬೀದರ್ ಜಿಲ್ಲೆಯ ಗೋರಟಾದಂಥ ಊರುಗಳು ಅದಕ್ಕೆ ನೆತ್ತರು ಕೊಟ್ಟವು. ಜಾಗೀರುಗಳ ಕಾಲದ ಜಮೀನಿನ ಹಂಚಿಕೆ, ಜನರ ಭಾಷೆಯಲ್ಲಿ ಶಾಲೆ ಇಲ್ಲದಿದ್ದುದು, ಸಣ್ಣ ರೈತನಿಗೆ ಸಾಲವಿಲ್ಲದಿದ್ದುದು, ಇವೆಲ್ಲ ಹೊತ್ತುಕೊಂಡೇ ಕಲಬುರಗಿ, ರಾಯಚೂರು, ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು.

ಹೈದರಾಬಾದ್ ಎಂಬ ಒಂದೇ ಸಂಸ್ಥಾನ ಮೂರು ಭಾಷೆಯ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಮರಾಠವಾಡಕ್ಕೆ ಅಭಿವೃದ್ಧಿ ಮಂಡಳಿ ಮಾಡುವ ಅವಕಾಶ 1956ರಲ್ಲೇ ಸಂವಿಧಾನದ 371ನೇ ವಿಧಿಯಲ್ಲಿ ಸೇರಿತು. ತೆಲಂಗಾಣವಿದ್ದ ಆಂಧ್ರ ಪ್ರದೇಶಕ್ಕೆ 371(ಡಿ) 1973ರಲ್ಲಿ ಬಂತು. ನಮಗೆ ವಿಶೇಷ ಸ್ಥಾನ ಕೊಡುವ 371(ಜೆ) ಬಂದದ್ದು 98ನೇ ತಿದ್ದುಪಡಿಯ ಮೂಲಕ, 2012ರ ಕೊನೆಯಲ್ಲಿ ಸಂಸತ್ತು ಒಪ್ಪಿ, 2013ರಿಂದ. ವೈಜನಾಥ ಪಾಟೀಲರಂಥ ನಾಯಕರು, ಹೆಸರು ತಿಳಿಯದ ಸಾವಿರಾರು ವಿದ್ಯಾರ್ಥಿಗಳು ದಶಕಗಳ ಕಾಲ ಬೀದಿಗಿಳಿದ ಮೇಲೆ ಅದು ಬಂತು. ಈ ನಡುವೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಆ ವರದಿ ಅಳೆದದ್ದು ಸವಲತ್ತುಗಳನ್ನು. ತಾಲ್ಲೂಕಿಗೆ ಎಷ್ಟು ಆಸ್ಪತ್ರೆ ಹಾಸಿಗೆ, ಎಷ್ಟು ನೀರಾವರಿ, ಎಷ್ಟು ರಸ್ತೆ, ಎಷ್ಟು ಶಾಲೆ ಎಂಬಂಥ ಲೆಕ್ಕ ಅದು. ಮನುಷ್ಯರಿಗೆ ಅಂಕ ಕೊಟ್ಟ ಪಟ್ಟಿ ಅದಲ್ಲ.

371(ಜೆ) ಬಂದ ಮೇಲೆ ಹೊಸದೊಂದು ಮಾತು ಹುಟ್ಟಿದೆ: "ನಿಮಗೇನು, ಮೀಸಲಾತಿ ಇದೆ." ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ಹೊರಗಿನವುಗಳಲ್ಲಿ ಶೇ 8 ಸೀಟುಗಳು ನಮ್ಮ ಮಕ್ಕಳಿಗೆ ಇವೆ. ಐದು ಮೈಲಿ ನಡೆದು ಪ್ರೌಢಶಾಲೆಗೆ ಹೋಗಿ, ವಿಜ್ಞಾನದ ಮೇಷ್ಟ್ರಿಲ್ಲದೆ ಓದಿ ಬಂದ ಮಗುವಿಗೆ ಸಿಕ್ಕ ಆ ಸೀಟು ಯಾರ ಭಿಕ್ಷೆಯೂ ಅಲ್ಲ. ಆರು ದಶಕ ತಡವಾಗಿ ತೀರುತ್ತಿರುವ ಬಾಕಿ ಅದು. ನಮ್ಮಲ್ಲಿ ಒಬ್ಬ ಹುಡುಗಿ ವೈದ್ಯೆಯಾಗಿ ತನ್ನ ತಾಲ್ಲೂಕಿಗೆ ಮರಳಿದರೆ, ವರ್ಗಾವಣೆಯನ್ನು ಶಿಕ್ಷೆಯೆಂದು ತಿಳಿದು ಬಂದ ದಿನವೇ ಹೊರಡುವ ದಾರಿ ಹುಡುಕುವ ಹತ್ತು ಜನರಿಗಿಂತ ಅವಳಿಂದ ಊರಿಗೆ ಹೆಚ್ಚು ಒಳಿತಾಗುತ್ತದೆ.

ಇಲ್ಲೇ ಪೂರ್ವಗ್ರಹ ಮಾಡುವ ನಿಜವಾದ ಹಾನಿ ಕಾಣುತ್ತದೆ. ನಗುವ ಮಾತಿನಿಂದ ಮನಸ್ಸು ನೋಯುತ್ತದೆ, ಅಷ್ಟಕ್ಕೆ ಅದು ನಿಲ್ಲುವುದಿಲ್ಲ. "ಶಿಕ್ಷೆಯ ಜಾಗ" ಎಂಬ ಹೆಸರು ಅಂಟಿದ ಕೂಡಲೆ ಒಳ್ಳೆಯ ಅಧಿಕಾರಿ ಬರಲು ಹಿಂಜರಿಯುತ್ತಾರೆ, ಬಂದವರು ನಿಲ್ಲುವುದಿಲ್ಲ, ಶಾಲೆಯಲ್ಲಿ ಹುದ್ದೆ ಖಾಲಿ ಉಳಿಯುತ್ತದೆ, ಫಲಿತಾಂಶ ಇಳಿಯುತ್ತದೆ. ಆ ಫಲಿತಾಂಶವನ್ನು ತೋರಿಸಿ ಮತ್ತೆ ಅದೇ ಮಾತನ್ನು ಆಡುತ್ತಾರೆ. ಹೆಸರೇ ಕೊರತೆಯನ್ನು ಸಾಕುತ್ತದೆ.

೫. ನಮ್ಮವರಿಗೆ ಒಂದು ಮಾತು

ನನ್ನ ಸೀಮೆಯ ಬಂಧುಗಳಿಗೂ ಒಂದು ಮಾತು ಹೇಳಬೇಕು. ಹೊರಗಿನವರು ಹೀಗಳೆದಾಗ ನಾವು ಕೂಡಲೆ ಮಾನ್ಯಖೇಟವನ್ನೂ, ಕಲ್ಯಾಣವನ್ನೂ, ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನೂ, 1472ರ ಮಹಮೂದ್ ಗವಾನನ ಮದರಸಾವನ್ನೂ ಮುಂದೆ ಹಿಡಿಯುತ್ತೇವೆ. ನಾನೂ ಈಗಷ್ಟೆ ಕೆಲವನ್ನು ಹೆಸರಿಸಿದೆ. ಅವು ನಮ್ಮವು, ಹೆಮ್ಮೆ ಇರಲಿ. ಆದರೆ ಒಂಬತ್ತನೆಯ ಶತಮಾನದ ಕೀರ್ತಿ ಇಂದಿನ ಯಾದಗಿರಿಯ ಹಳ್ಳಿ ಶಾಲೆಗೆ ಮೇಷ್ಟ್ರನ್ನು ಕಳಿಸುವುದಿಲ್ಲ. ಬರೀ ನಿಂದೆಯ ಚಿತ್ರದಂತೆ ಬರೀ ವೈಭವದ ಚಿತ್ರದಲ್ಲೂ ಇಂದಿನ ಮನುಷ್ಯರು ಕಾಣಿಸುವುದಿಲ್ಲ. ಎಲ್ಲ ತಪ್ಪನ್ನೂ ನಿಜಾಮರ ಮೇಲೆ, ಬೆಂಗಳೂರಿನ ಮೇಲೆ ಹಾಕಿ ಕೂರುವಂತೆಯೂ ಇಲ್ಲ. ಬಾಲ್ಯವಿವಾಹ ನಮ್ಮ ಮನೆಗಳಲ್ಲೇ ನಡೆಯುತ್ತದೆ. ಹೆಣ್ಣನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ಕಾನೂನು 1982ರಲ್ಲೇ ನಿಷೇಧಿಸಿದ್ದರೂ ಅದರ ಗಾಯ ಮಾಯ್ದಿಲ್ಲ. ಜಾತಿಯ ಗೋಡೆ ಕಟ್ಟಿದವರೂ ನಾವೇ. ಕಲ್ಯಾಣದಲ್ಲಿ ಶರಣರು ಕೆಡವಲು ಹೊರಟದ್ದು ಇದೇ ಗೋಡೆಯನ್ನು. ಅವರ ನಾಡಿನವರೆಂದು ಹೇಳಿಕೊಳ್ಳಬೇಕಾದರೆ ಆ ಕೆಲಸ ಮುಂದುವರಿಸುವ ಹೊಣೆಯೂ ನಮ್ಮದೇ. 2019ರಲ್ಲಿ ಸರ್ಕಾರ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕವೆಂದು ಕರೆಯಿತು. ಹೆಸರು ಬದಲಾದದ್ದು ಸಂತೋಷ. ಪ್ರದೇಶದ ಅಭಿವೃದ್ಧಿ ಮಂಡಳಿಯ ಹಣ ಯಾವ ಊರಿಗೆ ಹೋಯಿತು, ಕೆಲಸ ನಿಂತಿತೇ ನಡೆಯಿತೇ ಎಂದು ನಮ್ಮ ಯುವಕರು ತಾಲ್ಲೂಕು ತಾಲ್ಲೂಕಿನಲ್ಲಿ ಲೆಕ್ಕ ಕೇಳುವುದು ಅದಕ್ಕಿಂತ ದೊಡ್ಡ ಕೆಲಸ.

ಇಲ್ಲಿ ಕುಳಿತಿರುವ ನಿಮ್ಮಲ್ಲಿ ನನ್ನದು ಮೂರು ಕೋರಿಕೆ. ಶಿಕ್ಷಕರಾಗಿದ್ದರೆ, ನಿಮ್ಮ ತರಗತಿಯಲ್ಲಿ ನಮ್ಮ ಮಗು ತನ್ನ ಮಾತಿನಲ್ಲೇ ಉತ್ತರ ಹೇಳಲಿ, ಉಳಿದ ಮಕ್ಕಳು ನಗದಂತೆ ನೋಡಿಕೊಳ್ಳಿ. ಬರೆಯುವವರು, ಸಿನಿಮಾ ಮಾಡುವವರಾಗಿದ್ದರೆ, ನಮ್ಮ ಕನ್ನಡ ಆಡುವ ಒಬ್ಬ ವಿಜ್ಞಾನಿಯನ್ನು, ಒಬ್ಬ ನ್ಯಾಯಾಧೀಶೆಯನ್ನು, ಪ್ರೀತಿಸುವ ಒಬ್ಬ ಹುಡುಗನನ್ನು ತೋರಿಸಿ. ಅಧಿಕಾರಿಗಳಾಗಿದ್ದರೆ, ವರ್ಗಾವಣೆಯ ಆದೇಶ ಬಂದಾಗ ಬನ್ನಿ, ಬಂದು ಅವಧಿ ಮುಗಿಯುವವರೆಗೆ ಇರಿ. ಕೆಲಸಕ್ಕೆ ಅತಿ ಹೆಚ್ಚು ಅವಕಾಶವಿರುವುದು ಕೆಲಸ ಬಾಕಿ ಇರುವಲ್ಲಿ. ಅಲ್ಲಿ ನಿಮ್ಮನ್ನು "ಬರ್ರಿ, ಕುಂದ್ರಿ, ಚಾ ತಗೊಳ್ರಿ" ಎಂದು ಕರೆಯುವ ಜನ ಇದ್ದಾರೆ. ಅವರಿಗೆ ಬೇಕಾಗಿರುವುದು ಮರುಕವೂ ಅಲ್ಲ, ಹೊಗಳಿಕೆಯೂ ಅಲ್ಲ. ಸಮಾನರೆಂದು ಕಂಡು, ಸಮಾನ ಪಾಲು ಕೊಡುವ ರಾಜ್ಯ ಬೇಕು. ಕರ್ನಾಟಕ ಒಂದಾಗಿ ಆರು ದಶಕಗಳು ದಾಟಿವೆ. ಆ ಪಾಲನ್ನು ನಾವು ಇನ್ನು ಬೇಡುವುದಿಲ್ಲ, ಕೇಳುತ್ತೇವೆ.